ಮುತ್ತಜ್ಜನ್ನ ನಮ್ಮಪ್ಪನಿಗೆ ಅಣ್ಣ ಮಾಡಿ ಕೊಟ್ಟಿದ್ದೀರಿ: ವಂಶವೃಕ್ಷದ ಆರ್ಡರ್ ಬಗ್ಗೆ ದೂರು

ಕಸ್ಟಮರ್ ಕೇರ್‌ನವರಿಗೆ, ಮತ್ತೆ ಅವರ ಮೇಲೆ ಮ್ಯಾನೇಜರ್ ಅಂತ ಯಾರಾದ್ರೂ ಇದ್ರೆ ಅವರಿಗೂ ನಮಸ್ಕಾರ.

ಇದು ಮೂರನೇ ಮೇಲ್. ಮೊದಲೆರಡಕ್ಕೂ "ನಿಮ್ಮ ಅನಿಸಿಕೆ ನಮಗೆ ಅಮೂಲ್ಯ" ಅಂತ ಒಂದೇ ಉತ್ತರ ಬಂತು. ಅನಿಸಿಕೆ ಅಲ್ಲ ಸ್ವಾಮಿ ಇದು, ದೂರು. ಹೋದ ದಸರಾ ಟೈಮಲ್ಲಿ ನಮ್ಮ ಮನೆತನದ ವಂಶವೃಕ್ಷ ಮಾಡಿಕೊಡಿ ಅಂತ ನಿಮಗೆ 38,500 ರೂಪಾಯಿ ಕಟ್ಟಿದ್ದೆ, ಏಳು ತಲೆಮಾರು, ಪುಸ್ತಕ, ಗೋಡೆಗೆ ಹಾಕೋ ಫ್ರೇಮ್ ಎಲ್ಲಾ ಸೇರಿ, ಅದೂ ಪೂರ್ತಿ ಅಡ್ವಾನ್ಸ್. ಊರಲ್ಲಿ ಹೊಸ ಮನೆ ಗೃಹಪ್ರವೇಶ ಇತ್ತು, ಪಡಸಾಲೆಯಲ್ಲಿ ಹಾಕೋಣ, ಹಿರಿಯರು ನೋಡಿ ಖುಷಿ ಪಡ್ಲಿ ಅಂತ ನನ್ನ ಆಸೆ.

ಫ್ರೇಮ್ ಬಂದಿದ್ದು ಹಿಂದಿನ ದಿನ ಸಂಜೆ, ಚೆಕ್ ಮಾಡೋಕೂ ಟೈಮ್ ಇರ್ಲಿಲ್ಲ. ಮರುದಿನ ಊಟ ಆದ್ಮೇಲೆ ಎಲ್ಲರ ಮುಂದೆ ಬಬಲ್ ಶೀಟ್ ಬಿಚ್ಚಿದ್ವಿ. ನಮ್ಮ ದೊಡ್ಡಪ್ಪ, 1940ರಲ್ಲಿ ಹುಟ್ಟಿದವರು, ಕನ್ನಡಕ ಹಾಕ್ಕೊಂಡು ಒಂದೊಂದೇ ಡಬ್ಬಿ ಮೇಲೆ ಬೆರಳಿಟ್ಟು ಓದ್ತಾ ಹೋದ್ರು, ಒಂದು ಕಡೆ ಬೆರಳು ನಿಂತುಬಿಡ್ತು. "ಎಲಾ ಇವನ, ನಮ್ಮಜ್ಜ ನನಗ ಅಣ್ಣ ಆಗ್ಯಾನಲ್ಲೋ!" ಅಂದ್ರು ನೋಡಿ, ಮನೆ ತುಂಬ ನಗು. ನಾನೂ ನಕ್ಕೆ ಆಮೇಲೆ ಹಿತ್ತಲಿಗೆ ಹೋಗಿ ನಿಮ್ಮ ನಂಬರಿಗೆ ಹನ್ನೊಂದು ಸಲ ಫೋನ್ ಮಾಡಿದೆ, ಒಂದ್ಸಲನೂ ಎತ್ತಲಿಲ್ಲ.

ಏನಾಗಿದೆ ಅಂತ ನಿಮಗಿನ್ನೂ ಗೊತ್ತಾಗಿಲ್ಲ ಅನ್ಸುತ್ತೆ, ನಾನೇ ಹೇಳ್ತೀನಿ. ನಮ್ಮಲ್ಲಿ ಅಜ್ಜ ತೀರಿಕೊಂಡ ಮೇಲೆ ಹುಟ್ಟೋ ಮೊಮ್ಮಗನಿಗೆ ಅಜ್ಜನ ಹೆಸರೇ ಇಡೋದು. ಹಿರೇ ಬಸಪ್ಪನ ಮಗ ಮಲ್ಲಪ್ಪ, ಆ ಮಲ್ಲಪ್ಪನ ಮಗ ನಮ್ಮಜ್ಜ ಬಸಪ್ಪ, ಅವರ ಮಗ ನಮ್ಮಪ್ಪ ಮಲ್ಲಪ್ಪ. ಮುತ್ತಜ್ಜ ಮಲ್ಲಪ್ಪ ಹುಟ್ಟಿದ್ದು ಹಳೇ ಲೆಕ್ಕದ ಪುಸ್ತಕದಲ್ಲಿ "ಧಾತು ಸಂವತ್ಸರ ಶ್ರಾವಣ" ಅಂತಿದೆ, ಅದರ ಫೋಟೋ ಕಳಿಸಿದ್ದೆ. ಧಾತು ಅಂದ್ರೆ 1876-77, ನಮ್ಮ ಕಡೆ ಜನ ಗುಳೆ ಎದ್ದು ಸತ್ತ ದೊಡ್ಡ ಬರದ ವರ್ಷ, "ಬರದಾಗ ಹುಟ್ಟಿದಾಂವ" ಅಂತ ಅಜ್ಜಿ ಹೇಳ್ತಿದ್ದಿದ್ದನ್ನೂ ನಿಮ್ಮ ಫಾರ್ಮ್‌ನಲ್ಲಿ ಬರ್ದಿದ್ದೆ. ಆದ್ರೆ ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತಲ್ಲ, 1936-37 ಕೂಡ ಧಾತುನೇ, ನಿಮ್ಮೋರು ಅದನ್ನ ಹಿಡ್ಕೊಂಡ್ರು. ಆಗ 1904ರಲ್ಲಿ ಹುಟ್ಟಿದ ನಮ್ಮಜ್ಜ ತನ್ನ ಅಪ್ಪನಿಗಿಂತ 32 ವರ್ಷ ದೊಡ್ಡವರಾಗ್ತಾರೆ! ಇಲ್ಲಿ ಯಾರಿಗಾದ್ರೂ ಡೌಟ್ ಬರಬೇಕಿತ್ತು, ಒಂದು ಫೋನ್ ಸಾಕಿತ್ತು. ನಿಮ್ಮೋರು ಮಾಡಿದ್ದೇನು, ಮುತ್ತಜ್ಜನ್ನ ಕೆಳಗಿಳಿಸಿ ಅಜ್ಜನ ಹಿರೇ ಮಗ ಮಾಡಿದ್ರು, ಇಬ್ಬರು ಬಸಪ್ಪನ್ನ ಒಬ್ಬನೇ ಮಾಡಿದ್ರು, ಲೆಕ್ಕ ಸರಿಹೋಯ್ತು. ಈಗ ಅಜ್ಜನಿಗೆ ಮಲ್ಲಪ್ಪ ಅನ್ನೋ ಮಕ್ಕಳು ಇಬ್ಬರು, ಒಬ್ಬ 1936, ಇನ್ನೊಬ್ಬ ನಮ್ಮಪ್ಪ 1946. ಬದುಕಿರೋ ಮಗನ ಹೆಸರನ್ನೇ ತಿರುಗಿ ಇನ್ನೊಂದು ಕೂಸಿಗೆ ಯಾರು ಇಡ್ತಾರೆ? ನಮ್ಮಪ್ಪನಿಗೆ ಆ ಹೆಸರು ಬಿದ್ದಿದೆ ಅಂದ್ರೇನೇ ಮುತ್ತಜ್ಜ 1946ಕ್ಕೆ ಮುಂಚೆ ತೀರಿಹೋಗಿದ್ದಾರೆ ಅಂತ ಅರ್ಥ, ಇಷ್ಟು ಊಹೆ ಮಾಡೋಕೆ ಎಕ್ಸ್‌ಪರ್ಟ್ ಬೇಕಾ.

ಇನ್ನೊಂದಿದೆ. ಹೀಗೆ ಎರಡು ತಲೆಮಾರು ನುಂಗಿದ ಮೇಲೆ ನನ್ನಿಂದ ಮೇಲಕ್ಕೆ ನಾನು, ಅಪ್ಪ, ಅಜ್ಜ ಅಂತ ಮೂರೇ ಉಳೀತು. ಪ್ಯಾಕೇಜ್ ಪ್ರಕಾರ ಏಳು ಆಗ್ಬೇಕಲ್ಲ, ಮೇಲಿನ ನಾಲ್ಕು ಎಲ್ಲಿಂದ ತಂದ್ರಿ? ಹುಡುಕಿದ್ರೆ ಸಾತಾರಾ ಕಡೆಯ ಯಾವುದೋ ಪಾಟೀಲರ ಮನೆತನದ್ದು, ಇಂಟರ್‌ನೆಟ್‌ನಲ್ಲಿ ಯಾರೋ ಹಾಕಿದ್ದನ್ನ ಹಾಗೇ ಎತ್ತಿಟ್ಟಿದ್ದೀರಿ. ಸಾರ್, ಪಾಟೀಲ ಅನ್ನೋದು ಒಂದು ವಂಶದ ಹೆಸರಲ್ಲ, ಊರ ಗೌಡಿಕೆ, ಅದೊಂದು ಹುದ್ದೆ, 1961ರ ಕಾಯ್ದೆ ಬಂದು ವತನ (ವಂಶಪಾರಂಪರ್ಯವಾಗಿ ಬರೋ ಹುದ್ದೆಯ ಹಕ್ಕು) ಹೋಗೋವರೆಗೂ ಊರೂರಿಗೂ ಪಾಟೀಲರು ಇದ್ರು, ಅವರೆಲ್ಲ ಅಣ್ಣತಮ್ಮಂದಿರಾ?

ಮುತ್ತಜ್ಜನ ಊರು "ಬಾಗಲಕೋಟೆ ಜಿಲ್ಲೆ, ಮೈಸೂರು ಸಂಸ್ಥಾನ" ಅಂತ ಹಾಕಿದ್ದೀರಿ. ನಮ್ಮೂರು ಜಮಖಂಡಿ ಹತ್ರ, ಪಟವರ್ಧನರ ಸಂಸ್ಥಾನದಲ್ಲಿತ್ತು, 1948ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿ ವಿಜಾಪುರ ಜಿಲ್ಲೆ ಆಯ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು, ಬಾಗಲಕೋಟೆ ಜಿಲ್ಲೆ ಆಗಿದ್ದೇ 1997ರಲ್ಲಿ. ಇದು ಗೊತ್ತಿಲ್ದೆ ಹಳೇ ದಾಖಲೆ ಯಾವ ಕಚೇರಿಯಲ್ಲಿ ಹುಡುಕಿದ್ರಿ ನೀವು? ಹುಡುಕಿಲ್ಲ ಅನ್ನೋದೇ ನನ್ನ ದೂರು. ನಾನು ಕೊಟ್ಟ ಮೋಡಿ ಲಿಪಿ (ಹಿಂದೆ ಮರಾಠಿ ಬರೀತಿದ್ದ ಕೂಡಕ್ಷರ) ಕಾಗದಕ್ಕೆ "ಓದಲಾಗದ ಬರಹ" ಅಂತ ಬರೆದು ಬಿಲ್‌ನಲ್ಲಿ ಮಾತ್ರ ಲಿಪ್ಯಂತರ ಶುಲ್ಕ 4,000 ಹಾಕಿದ್ದೀರಿ. ಧಾರವಾಡದಲ್ಲಿ, ಪುಣೆಯಲ್ಲಿ ಮೋಡಿ ಓದೋರು ಈಗ್ಲೂ ಇದ್ದಾರೆ. "ಹರಿದ್ವಾರದ ಪಂಡಾ ವಹಿ ಪರಿಶೀಲನೆ" ಅಂತ 6,000 ಬೇರೆ. ಪಂಡಾಗಳ, ಅಂದ್ರೆ ಅಲ್ಲಿನ ತೀರ್ಥ ಪುರೋಹಿತರ, ವಹಿಯಲ್ಲಿ ಅಲ್ಲಿಗೆ ಹೋದವರ ಹೆಸರು ತಾನೇ ಇರೋದು, ನಮ್ಮ ಮನೆಯಿಂದ ಹರಿದ್ವಾರಕ್ಕೆ ಯಾರೂ ಕಾಲಿಟ್ಟಿಲ್ಲ, ನಾವು ಲಿಂಗಾಯತರು, ಮಣ್ಣು ಮಾಡೋರು, ಅಸ್ಥಿ ಬಿಡೋಕೆ ಗಂಗೆಗೆ ಹೋಗೋದು ನಮ್ಮ ಪದ್ಧತಿನೇ ಅಲ್ಲ, ಹಿರಿಯರು ಹೋದ್ರೆ ಶ್ರೀಶೈಲಕ್ಕೆ ಕಂಬಿ (ಕಾವಡಿ) ಹೊತ್ಕೊಂಡು ನಡೀತಿದ್ರು ಅಷ್ಟೇ. ಮೂಲೆಯಲ್ಲಿ ಸಿಂಹ, ಎರಡು ಕತ್ತಿ ಇರೋ "ಮನೆತನದ ಲಾಂಛನ" ನೋಡಿ ಅಪ್ಪ ಇದು ಯಾವ ಬೀಡಿ ಕಂಪನಿದು ಅಂತ ಕೇಳಿದ್ರು, ಅದಕ್ಕೂ 2,500.

ನನಗೆ ಜಾಸ್ತಿ ಬೇಜಾರಾಗಿದ್ದು ಬೇರೆ ವಿಷಯಕ್ಕೆ. ನನ್ನ ಇಬ್ಬರು ಅತ್ತೆಯರ ಹೆಸರೇ ಇಲ್ಲ. ಫಾರ್ಮ್‌ನಲ್ಲಿ ಕೊಟ್ಟಿದ್ದೆ. ನಮ್ಮ ಕಾಕಾ ಮದುವೆ ಆಗಿದ್ದು ಸ್ವಂತ ಅಕ್ಕನ ಮಗಳನ್ನ, ನಮ್ಮ ಕಡೆ ಇದು ಮಾಮೂಲು, ನಿಮ್ಮ ಸಾಫ್ಟ್‌ವೇರ್ ಒಬ್ಬರನ್ನ ಎರಡು ಕಡೆ ಜೋಡಿಸೋಕೆ ಒಪ್ಪಲಿಲ್ಲವೇನೋ, ಅತ್ತೆನ್ನೇ ತೆಗೆದುಹಾಕಿ, ಅವರ ಮಗಳು ಅಂದ್ರೆ ನಮ್ಮ ಕಾಕು (ಕಾಕಾನ ಹೆಂಡತಿ) ಡಬ್ಬಿಯಲ್ಲಿ "ತವರು: ಮಾಹಿತಿ ಇಲ್ಲ" ಅಂತ ಬರೆದಿದ್ದೀರಿ. ಆ ತವರಿನ ತಾಯಿ, ನಮ್ಮತ್ತೆ, ಅಲ್ಲೇ ಫ್ರೇಮ್ ಮುಂದೆ ಕೂತಿದ್ರು. "ಹಂಗಾರ ನಾ ಯಾರ ಮಗಳಪಾ?" ಅಂತ ಮೆಲ್ಲಗೆ ಕೇಳಿದ್ರು. ಅವಾಗ ಯಾರೂ ನಗಲಿಲ್ಲ.

ಸುಗ್ಗಿ ಮುಗಿದ ಮೇಲೆ ನಮ್ಮ ಹೆಳವರು, ಮನೆಮನೆಗೆ ಬಂದು ವಂಶಾವಳಿ ಓದಿ ಹೇಳೋರು, ಬಂದಿದ್ರು. ಮೊದಲು ಎತ್ತಿನ ಮೇಲೆ ಬರ್ತಿದ್ರಂತೆ ಈಗ ಟಂಟಂ ಗಾಡಿ, ಆದ್ರೆ ನಸುಕಿನಲ್ಲಿ ಗಂಟೆ ಬಾರಿಸೋದು ಮಾತ್ರ ತಪ್ಪಿಲ್ಲ. ಅರ್ಧ ಗಂಟೆಯಲ್ಲಿ ಪುಸ್ತಕ ತೆಗೆದು ಬಸಪ್ಪಗ ಮಲ್ಲಪ್ಪ, ಮಲ್ಲಪ್ಪಗ ಬಸಪ್ಪ ಅಂತ ಸರಿಯಾಗಿ ಓದಿದ್ರು, ಹಿರೇ ಬಸಪ್ಪನ ಅಪ್ಪನ ಹೆಸರೂ ಸಿಕ್ತು, ಚೆನ್ನಪ್ಪ. ಅದರ ಹಿಂದೆ ಅಂತ ಕೇಳಿದ್ದಕ್ಕೆ "ನಮ್ಮ ಹೊತ್ತಿಗ್ಯಾಗ ಅಷ್ಟ ಐತ್ರಿ, ಮುಂದಿಂದು ಹೇಳಿದ್ರ ಸುಳ್ಳ ಆಕ್ಕೈತಿ" ಅಂದ್ರು. ಒಂದು ಚೀಲ ಜೋಳ, ಒಂದು ಧೋತರ, 500 ರೂಪಾಯಿ ಕೊಟ್ವಿ. ಹೆಳವರ ಪುಸ್ತಕದಲ್ಲೂ ಹೆಣ್ಮಕ್ಕಳು ಕಮ್ಮಿನೇ, ಅದೂ ನಿಜ, ಆದ್ರೆ ಅವರು ಅತ್ತೆಯರ ಹೆಸರು ಕೇಳಿ ಬರ್ಕೊಂಡು ಹೋದ್ರು.

ಈಗ ನನಗೆ ಬೇಕಾಗಿರೋದು. ಮೊದಲು ಆ ಮೋಡಿ ಕಾಗದದ ಒರಿಜಿನಲ್, ಅಪ್ಪನ ಪೆಟ್ಟಿಗೆಯಲ್ಲಿದ್ದಿದ್ದು, ಸ್ಕ್ಯಾನ್ ಮಾಡಿ ವಾರದಲ್ಲಿ ಕಳಿಸ್ತೀವಿ ಅಂದಿದ್ರಿ ಆರು ತಿಂಗಳಾಯ್ತು, ಅದು ಕಳೆದಿದ್ರೆ ದುಡ್ಡಿನ ಮಾತೇ ಬೇರೆ ಆಗುತ್ತೆ. ಎರಡನೇದು, ನಿಮ್ಮ ವೆಬ್‌ಸೈಟ್‌ನಲ್ಲಿ ನಮ್ಮ ವಂಶವೃಕ್ಷ ಯಾರು ಬೇಕಾದ್ರೂ ನೋಡೋ ಹಾಗೆ ಓಪನ್ ಇದೆ, ನನ್ನ ಮಗಳ ಹುಟ್ಟಿದ ತಾರೀಖು, ಹೆಂಡತಿಯ ತವರುಮನೆ ಹೆಸರು ಸಮೇತ. ಬ್ಯಾಂಕ್‌ನವರು ಸೆಕ್ಯೂರಿಟಿ ಪ್ರಶ್ನೆ ಅಂತ ಕೇಳೋದು ಇದನ್ನೇ ಅಲ್ವಾ. ಬದುಕಿರೋರ ವಿವರ ಮುಚ್ಚಿಡೋದು ಈ ಕೆಲಸದಲ್ಲಿ ಮೊದಲನೇ ಪಾಠ, ಇವತ್ತೇ ತೆಗೀರಿ. ಮೂರನೇದು ಹಣ. ಪೂರ್ತಿ 38,500 ವಾಪಸ್, ಇಲ್ಲಾಂದ್ರೆ ಒಂದೊಂದು ಹೆಸರಿನ ಮುಂದೆ ಅದು ಯಾವ ದಾಖಲೆ, ಯಾವ ಕಚೇರಿ, ಯಾವ ಪುಟ ಅಂತ ಬರೆದು ಕಳಿಸಿ, ಬರೆಯೋಕಾದ್ರೆ. ರಿಪ್ರಿಂಟ್‌ಗೆ 20% ಡಿಸ್ಕೌಂಟ್ ಅಂತ ನಿಮ್ಮ ಹುಡುಗಿ ಹೇಳಿದ್ಲು, ಅದು ನನಗೆ ಬೇಡ.

ಹದಿನೈದು ದಿನ ಕಾಯ್ತೀನಿ. ಆಮೇಲೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡ್ತೀನಿ, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹಾಕ್ತೀನಿ, 5 ಲಕ್ಷದ ಒಳಗಿನ ಕೇಸಿಗೆ ಅಲ್ಲಿ ಫೀಸೂ ಇಲ್ಲ. ಬಿಲ್, ವಾಟ್ಸಾಪ್ ಚಾಟ್, ಫ್ರೇಮ್ ಫೋಟೋ ಎಲ್ಲಾ ಇಟ್ಕೊಂಡಿದ್ದೀನಿ. ಫ್ರೇಮ್ ಅಟ್ಟದ ಮೇಲಿದೆ, ವಾಪಸ್ ಬೇಕಾದ್ರೆ ಕೊರಿಯರ್ ಖರ್ಚು ನಿಮ್ಮದೇ, ಅದರ ಗಾಜು ಮಾತ್ರ ದೊಡ್ಡಪ್ಪ ಅಜ್ಜನ ಫೋಟೋಕ್ಕೆ ಹಾಕಿಸ್ತೀನಿ ಅಂತ ಬಿಚ್ಕೊಂಡಿದ್ದಾರೆ.

ಇತಿ,
ಮಲ್ಲಪ್ಪನವರ ಮಗ, ಬಸಪ್ಪನವರ ಮೊಮ್ಮಗ, ಇನ್ನೊಬ್ಬ ಮಲ್ಲಪ್ಪನವರ ಮರಿಮಗ
(ಆರ್ಡರ್ ನಂಬರ್ ಸಬ್ಜೆಕ್ಟ್‌ನಲ್ಲಿದೆ)