ಗಣಿತ ಮಾಸ್ತರಿಲ್ಲದ ಶಾಲೆಗೆ ಗಣಿತದ ನೋಟಿಸ್: ಶಾಸಕರಿಗೊಂದು ಬಹಿರಂಗ ಪತ್ರ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರ. ನಾನು ತಮ್ಮ ಕ್ಷೇತ್ರದ ಒಂದು ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುವವನು. ಅಲ್ಲಿಯ ಸರ್ಕಾರಿ ಪ್ರೌಢಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಒಂದೂವರೆ ವರ್ಷದಲ್ಲಿ ತಮ್ಮ ಕಚೇರಿಗೆ ಐದು ಮನವಿ ಕೊಟ್ಟಿದ್ದೇನೆ. ಐದಕ್ಕೂ ಸೀಲು ಹೊಡೆದು ಸ್ವೀಕೃತಿ ಕೊಟ್ಟಿದ್ದಾರೆ. ಸೀಲು ಹೊಡೆಯುವ ಕೆಲಸದಲ್ಲಿ ತಮ್ಮ ಸಿಬ್ಬಂದಿ ಬಹಳ ಚುರುಕು. ಹಾಗಾಗಿ ಆರನೆಯ ಮನವಿಯನ್ನು ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ಬೇಡಿಕೆ ಒಂದೇ. ನಮ್ಮ ಶಾಲೆಯ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕರನ್ನು ಬೇರೆ ಶಾಲೆಗೆ ಹಾಕಿದ ನಿಯೋಜನೆ ರದ್ದು ಮಾಡಿಸಿ, ಅವರನ್ನು ವಾಪಸ್ ಕಳಿಸಿ. ಅವರು ಬರಲೊಲ್ಲೆ ಅಂದರೆ ಬೇರೆಯವರನ್ನು ಕೊಡಿ. ಗಣಿತ ಹೇಳಿಕೊಡುವ ಒಬ್ಬ ಮನುಷ್ಯ ಬೇಕು, ಅಷ್ಟೇ.

ನಿಯಮ ತಮಗೆ ನಾನು ಹೇಳಬೇಕಿಲ್ಲ. ಶಿಕ್ಷಕರ ವರ್ಗಾವಣೆ ಕಾಯ್ದೆ 2020ರಲ್ಲಿ ಬಂದದ್ದು, ಪಟ್ಟಣ-ಹಳ್ಳಿ ಲೆಕ್ಕದಲ್ಲಿ ಶಾಲೆಗಳಿಗೆ ಎ, ಬಿ, ಸಿ ವಲಯ ಮಾಡಿದ್ದು, ಶಿಕ್ಷಕರು ಖಾಲಿ ಜಾಗ ಆರಿಸಿಕೊಳ್ಳುವ ಕೌನ್ಸೆಲಿಂಗ್ ನಡೆಯುವುದು ಎಲ್ಲ ತಮಗೆ ಗೊತ್ತು. ಆ ಕೌನ್ಸೆಲಿಂಗ್‌ನಲ್ಲೇ 2024ರಲ್ಲಿ ನಮಗೊಬ್ಬ ಪಿಸಿಎಂ ಮಾಸ್ತರು ಸಿಕ್ಕರು. ಊರಿನವರು ಹಾರ ಹಾಕಿ, ಪೇಡೆ ಹಂಚಿ ಬರಮಾಡಿಕೊಂಡೆವು. ಆರನೆಯ ದಿನ ಅವರು ನಿಯೋಜನೆ ಮೇಲೆ ಪಟ್ಟಣದ ಶಾಲೆಗೆ ಹೋದರು. ಹಾರ ಇನ್ನೂ ಬಾಡಿರಲಿಲ್ಲ. ಅವರ ಮಡದಿಗೆ ಪಟ್ಟಣದಲ್ಲೇ ಕೆಲಸ, ಮಕ್ಕಳು ಅಲ್ಲಿಯೇ ಓದುತ್ತಾರೆ. ಅವರ ಕಷ್ಟ ಅವರಿಗೆ. ಆದೇಶದ ಹಿಂದೆ ತಮ್ಮ ಪತ್ರವಿತ್ತು ಎಂದು ಊರಲ್ಲಿ ಮಾತಿದೆ. ಆ ಪತ್ರ ನಾನು ನೋಡಿಲ್ಲ, ಆದ್ದರಿಂದ ಇತ್ತು ಎಂದು ಹೇಳುವುದಿಲ್ಲ.

ಅವರು ಹೋದದ್ದಕ್ಕಿಂತ ದೊಡ್ಡ ಕಥೆ ಮುಂದಿನದು. ಸಂಬಳ ಇವತ್ತಿಗೂ ನಮ್ಮ ಶಾಲೆಯ ಲೆಕ್ಕದಲ್ಲೇ ಆಗುತ್ತದೆ. ಅಂದರೆ ಕಾಗದದ ಮೇಲೆ ನಮ್ಮ ಹುದ್ದೆ ಭರ್ತಿ. ಹುದ್ದೆ ಖಾಲಿ ಇದ್ದರೆ ಮಾತ್ರ ಅತಿಥಿ ಶಿಕ್ಷಕರನ್ನು ಕೊಡುತ್ತಾರಂತೆ. ಅದರ ಹಿಂದಿನ ವರ್ಷ ಹುದ್ದೆ ಖಾಲಿ ಇದ್ದಾಗ ಪಕ್ಕದ ಊರಿನ ಒಬ್ಬ ಹೆಣ್ಣುಮಗಳು, ಬಿಎಸ್ಸಿ ಬಿಎಡ್ ಮಾಡಿದವಳು, ಅತಿಥಿ ಶಿಕ್ಷಕಿಯಾಗಿ ಸ್ಕೂಟಿ ಮೇಲೆ ಬರುತ್ತಿದ್ದಳು. ಐದು ತಿಂಗಳ ಗೌರವಧನ ಬರದಿದ್ದರೂ ಒಂದು ದಿನ ಪಾಠ ತಪ್ಪಿಸಲಿಲ್ಲ. ಕಾಯಂ ಮಾಸ್ತರು ಬಂದರು ಎಂದು ಆಕೆಯನ್ನು ಬಿಡಿಸಿದರು. ಕಾಯಂನವರು ಹೋದರು. ಆಕೆಯನ್ನು ಮತ್ತೆ ಕರೆಯಲು ಹುದ್ದೆ ಖಾಲಿ ಇಲ್ಲ. ಈಗ ಆಕೆ ಪಟ್ಟಣದ ಖಾಸಗಿ ಶಾಲೆಯಲ್ಲಿದ್ದಾಳೆ. 2025ರ ಬಜೆಟ್‌ನಲ್ಲಿ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 2,000 ರೂಪಾಯಿ ಏರಿಸಿದಿರಿ, ಸಂತೋಷ. ಯಾರಿಗೆ ಏರಿಸಬೇಕಿತ್ತೋ ಅವಳೇ ನಮ್ಮಲ್ಲಿ ಉಳಿಯಲಿಲ್ಲ.

ನನ್ನ ಮಗ ಆಕೆಯ ಕೈಯಲ್ಲಿ ಒಂಬತ್ತನೆಯ ತರಗತಿಯ ಗಣಿತ ಕಲಿತವನು. ನೂರಕ್ಕೆ ಅರವತ್ತರ ಮೇಲೆ ತೆಗೆಯುತ್ತಿದ್ದ. ಹತ್ತನೆಯ ತರಗತಿಗೆ ಬಂದಾಗ ಗಣಿತದ ಪೀರಿಯಡ್‌ಗೆ ಹಿಂದಿ ಸರ್ ಬಂದು ಕೂರುತ್ತಿದ್ದರು. ಪಾಪ, ಒಳ್ಳೆಯವರು. "ಲೆಕ್ಕ ನನಗೂ ಬರಂಗಿಲ್ಲ, ಗದ್ದಲ ಮಾಡಬ್ಯಾಡ್ರಿ" ಎಂದು ಮಕ್ಕಳಿಗೇ ಹೇಳುತ್ತಿದ್ದರಂತೆ. ತ್ರಿಕೋನಮಿತಿ ಇಡೀ ಅಧ್ಯಾಯ ಬೋರ್ಡಿನ ಮೇಲೆ ಬರಲೇ ಇಲ್ಲ. ಜನವರಿಯಲ್ಲಿ 'ಪಾಸಿಂಗ್ ಪ್ಯಾಕೇಜ್' ಎಂದು ಜೆರಾಕ್ಸ್ ಹಾಳೆ ಹಂಚಿದರು, ಬಾಯಿಪಾಠ ಮಾಡಲು. 2025ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರಲ್ಲಿ ಮಗನಿಗೆ ಲಿಖಿತದಲ್ಲಿ 80ಕ್ಕೆ 19, ಅಷ್ಟಕ್ಕೇ ನಪಾಸು. ಆಂತರಿಕ ಮೌಲ್ಯಮಾಪನದಲ್ಲಿ 20ಕ್ಕೆ 18. ಮಾಸ್ತರೇ ಇಲ್ಲದ ವಿಷಯಕ್ಕೆ 18 ಅಂಕ ಕೊಟ್ಟ ಪುಣ್ಯಾತ್ಮರು ಯಾರು ಎಂದು ನಾನು ಇವತ್ತಿನವರೆಗೂ ಕೇಳಿಲ್ಲ. ಕೇಳಿದರೆ ಹಿಂದಿ ಸರ್‌ಗೆ ತೊಂದರೆ.

ಪರೀಕ್ಷೆ-2 ಬರೆದ, ಪರೀಕ್ಷೆ-3 ಬರೆದ. ಮೂರು ಅವಕಾಶ ಕೊಟ್ಟಿದ್ದೇವೆ ಎಂದು ಸರ್ಕಾರ ಹೇಳುತ್ತದೆ. ಒಂದು ಸಲವೂ ಕಲಿಸದೆ ಮೂರು ಸಲ ಕೇಳಿದರೆ ಹುಡುಗ ಎಲ್ಲಿಂದ ತರಬೇಕು? ಆಗಸ್ಟ್‌ನಲ್ಲಿ ಓಣಿಯ ಹುಡುಗರ ಜೊತೆ ಬೆಂಗಳೂರಿಗೆ ಗುಳೆ ಹೋದ. ಕಟ್ಟಡದ ಸೆಂಟ್ರಿಂಗ್ ಕೆಲಸ. ಹದಿನಾರು ವರ್ಷದವನು. ಮೊನ್ನೆ ಫೋನ್ ಮಾಡಿ, ಇಲ್ಲಿ ಅಳತೆ ಲೆಕ್ಕ ಬರುವವನಿಗೆ ದಿನಕ್ಕೆ ಇನ್ನೂರು ಹೆಚ್ಚು ಕೊಡುತ್ತಾರಪ್ಪ ಎಂದ. ನಾನು ಗಿರಣಿಯ ಪಟ್ಟಾ ಸರಿಮಾಡುವ ನೆಪ ಮಾಡಿ ಫೋನ್ ಇಟ್ಟೆ.

ಇನ್ನು ನೋಟಿಸಿನ ವಿಷಯ. ಆ ವರ್ಷ ನಮ್ಮ ಶಾಲೆಯಿಂದ 41 ಮಕ್ಕಳು ಕೂತು ಗಣಿತದಲ್ಲಿ 13 ಮಕ್ಕಳು ಪಾಸಾದರು. ಫಲಿತಾಂಶ ಬಂದ ಕೆಲವೇ ದಿನಕ್ಕೆ ಮೇಲಿನ ಕಚೇರಿಯಿಂದ ಕಾಗದ ಬಂತು: ಗಣಿತದ ಫಲಿತಾಂಶ ತೀರಾ ಕಳಪೆಯಾಗಿದೆ, ಸಂಬಂಧಪಟ್ಟ ವಿಷಯ ಶಿಕ್ಷಕರು ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ಕೊಡಬೇಕು, ತಪ್ಪಿದಲ್ಲಿ ಶಿಸ್ತುಕ್ರಮ. ಮುಖ್ಯ ಗುರುಗಳು ಪ್ರಭಾರದವರು, ಕನ್ನಡ ಪಂಡಿತರು. ನೋಟಿಸ್ ಹಿಡಿದುಕೊಂಡು ಸ್ಟಾಫ್ ರೂಮಿನಲ್ಲಿ ಒಂದು ಸುತ್ತು ಬಂದರು, ಯಾರಿಗೆ ಕೊಡಬೇಕು ಎಂದು. ನಾನು ಅಲ್ಲಿಯೇ ಕುಳಿತಿದ್ದೆ. ಕೊನೆಗೆ ದೈಹಿಕ ಶಿಕ್ಷಕರು ತೆಗೆದುಕೊಂಡು ಸಹಿ ಮಾಡಿದರು. ಉತ್ತರವನ್ನು ಎಲ್ಲರೂ ಕೂಡಿ ಬರೆದೆವು: "ನಮ್ಮ ಶಾಲೆಯಲ್ಲಿ ಗಣಿತ ಶಿಕ್ಷಕರು ಕಾರ್ಯನಿರ್ವಹಿಸುತ್ತಿಲ್ಲವಾದ್ದರಿಂದ ಅವರಿಂದ ಸಮಜಾಯಿಷಿ ಕೊಡಿಸಲು ಸಾಧ್ಯವಾಗಿಲ್ಲ ಎಂದು ವಿನಂತಿ." ಹದಿನೈದು ದಿನಕ್ಕೆ ಮರುಟಪಾಲು ಬಂತು. ಉತ್ತರ ತೃಪ್ತಿಕರವಾಗಿಲ್ಲವಂತೆ.

ಸಾಹೇಬ್ರೇ, ನಮಗೂ ತೃಪ್ತಿಕರ ಇಲ್ಲ.

ಆ ವರ್ಷ ಪರೀಕ್ಷೆ-1ರಲ್ಲಿ ದಕ್ಷಿಣ ಕನ್ನಡ 91.12 ಶೇಕಡಾ ತೆಗೆದು ಮೊದಲು ನಿಂತಿತು, ಕಲಬುರಗಿ 42.43ಕ್ಕೆ ಕೊನೆಗೆ ಕೂತಿತು. ನಮ್ಮ ಜಿಲ್ಲೆಯೂ ಕೊನೆಯವರ ಹತ್ತಿರದಲ್ಲೇ. ಪಟ್ಟಿ ಬಂದಾಗೆಲ್ಲ ಟಿವಿಯಲ್ಲಿ ಈ ಭಾಗದವರಿಗೆ ಓದಿನ ಮೇಲೆ ಆಸಕ್ತಿ ಇಲ್ಲ ಎಂದು ಮಾತನಾಡುತ್ತಾರೆ. ನಾನು 90ರ ದಶಕದಲ್ಲಿ ಇದೇ ಶಾಲೆಯಲ್ಲಿ ಕಲಿತವನು. ತಗಡಿನ ಮಾಡು, ಮೂರು ಖೋಲಿ. ಆದರೆ ಗಣಿತದ ಮಾಸ್ತರು ಊರಲ್ಲೇ ಬಾಡಿಗೆ ಮನೆ ಮಾಡಿಕೊಂಡು ಹನ್ನೊಂದು ವರ್ಷ ಇದ್ದರು. ಕರೆಂಟ್ ಹೋದರೆ ಕಂದೀಲು ಹಚ್ಚಿ ರಾತ್ರಿ ಕ್ಲಾಸ್ ತೆಗೆದುಕೊಳ್ಳುತ್ತಿದ್ದರು. ಯಾವ ಹುಡುಗ ಭಿನ್ನರಾಶಿಯಲ್ಲಿ ಎಡವುತ್ತಾನೆ, ಯಾವ ಹುಡುಗಿ ಹತ್ತಿ ಬಿಡಿಸಲು ಹೋಗಿದ್ದಾಳೆ, ಎಲ್ಲ ಅವರಿಗೆ ಗೊತ್ತಿರುತ್ತಿತ್ತು. ಅವರ ಶಿಷ್ಯರಲ್ಲಿ ಇಬ್ಬರು ಎಂಜಿನಿಯರು, ಒಬ್ಬ ತಹಶೀಲ್ದಾರ. ನಾನು ಗಿರಣಿಯವನಾದರೂ ಬಡ್ಡಿ ಲೆಕ್ಕದಲ್ಲಿ ಯಾರ ಕೈಲೂ ಮೋಸ ಹೋಗಿಲ್ಲ.

ಈಗ ಶಾಲೆಗೆ ಕಲ್ಯಾಣ ಕರ್ನಾಟಕ ಮಂಡಳಿಯ ಅನುದಾನದಲ್ಲಿ ನಾಲ್ಕು ಹೊಸ ಕೋಣೆ ಆಗಿವೆ. ತಾವೇ ಉದ್ಘಾಟಿಸಿದ್ದು, ಎರಡೂವರೆ ತಾಸು ತಡವಾಗಿ ಬಂದಿರಿ, ಹುಡುಗಿಯರು ಕುಂಭ ಹೊತ್ತು ಬಿಸಿಲಲ್ಲಿ ನಿಂತಿದ್ದರು, ಹೋಗಲಿ ಬಿಡಿ. ಸ್ಮಾರ್ಟ್ ಬೋರ್ಡಿಗೆ ಧೂಳು ಬೀಳಬಾರದೆಂದು ಚಾದರ ಹೊದಿಸಿದ್ದಾರೆ. ಈ ಭಾಗಕ್ಕೆ 371ಜೆ ವಿಶೇಷ ಸ್ಥಾನಮಾನ ಬಂದಿದೆ, ಮೊಟ್ಟೆ ಬಂದಿದೆ, ಹಾಲು ಬಂದಿದೆ. ಪರೀಕ್ಷಾ ಕೋಣೆಗೆ 2024ರಿಂದ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದಿದೆ. ನಕಲು ನಿಂತದ್ದು ಒಳ್ಳೆಯದೇ, ಅದಕ್ಕೆ ನನ್ನ ತಕರಾರಿಲ್ಲ. ಅದೇ ಕ್ಯಾಮೆರಾವನ್ನು ಜೂನ್‌ನಿಂದ ಫೆಬ್ರವರಿವರೆಗೆ ನಮ್ಮ ಹತ್ತನೆಯ ತರಗತಿಯ ಗಣಿತದ ಪೀರಿಯಡ್‌ಗೆ ಇಟ್ಟು ಒಮ್ಮೆ ನೋಡಿ. ಈಗ ಪಾಸಾಗಲು ಬೇಕಾದ ಒಟ್ಟು ಅಂಕವನ್ನು ಶೇಕಡಾ 35ರಿಂದ 33ಕ್ಕೆ ಇಳಿಸಿದ್ದೀರಿ. ಮಾಸ್ತರನ್ನು ಕಳಿಸುವುದಕ್ಕಿಂತ ಅದು ಸುಲಭ, ಒಪ್ಪುತ್ತೇನೆ.

ಒಳ್ಳೆಯ ಹೈಸ್ಕೂಲು ಅಂದರೆ ಏನು ಎಂದು ಸಮಿತಿ ಮಾಡಿ, ವರದಿ ತರಿಸಿ, ಕಾರ್ಯಾಗಾರ ನಡೆಸುತ್ತಾರೆ. ನಮ್ಮ ಊರಿನ ಮಟ್ಟಿಗೆ ಅಷ್ಟೆಲ್ಲ ಬೇಡ. ವಿಷಯಕ್ಕೊಬ್ಬ ಮಾಸ್ತರು, ಅವರು ಜೂನ್‌ನಲ್ಲಿ ಬಂದು ಮಾರ್ಚ್‌ವರೆಗೆ ಇರಬೇಕು.

ನನ್ನ ಮಗಳು ಈಗ ಹತ್ತನೆಯ ತರಗತಿ. ಮಾಸ್ತರರನ್ನು ಜಾತಿ ಸಮೀಕ್ಷೆಗೆ ಹಾಕಿದ್ದರಿಂದ 2025ರ ದಸರಾ ರಜೆ ಅಕ್ಟೋಬರ್ 18ರವರೆಗೆ ಬೆಳೆದು, ಬೇರೆ ವಿಷಯಗಳ ಪಾಠವೂ ಹಿಂದೆ ಬಿದ್ದಿದೆ. ರಾತ್ರಿ ನನ್ನ ಮೊಬೈಲಿನಲ್ಲಿ ಯೂಟ್ಯೂಬ್ ಹಾಕಿಕೊಂಡು ಲೆಕ್ಕ ನೋಡುತ್ತಾಳೆ. ಡೇಟಾ ಮುಗಿದಲ್ಲಿಗೆ ಪಾಠ ಮುಗಿಯುತ್ತದೆ. ಅರ್ಥವಾಗದ್ದನ್ನು ತಿರುಗಿ ಕೇಳಲು ಅದು ಮಾಸ್ತರಲ್ಲ. ಮಾರ್ಚ್‌ನಲ್ಲಿ ಅವಳ ಪರೀಕ್ಷೆ.

ಆದ್ದರಿಂದ ಮತ್ತೊಮ್ಮೆ: ನಿಯೋಜನೆ ರದ್ದು ಮಾಡಿಸಿ, ಮಾಸ್ತರನ್ನು ವಾಪಸ್ ಕಳಿಸಿ. ಆಗದಿದ್ದರೆ ಹುದ್ದೆ ಖಾಲಿ ಇದೆ ಎಂದಾದರೂ ಬರೆಸಿ, ಆ ಹೆಣ್ಣುಮಗಳನ್ನು ನಾವು ಕೈಮುಗಿದು ಕರೆತರುತ್ತೇವೆ. ಎರಡರಲ್ಲಿ ಯಾವುದಕ್ಕೂ ಮಂಡಳಿಯ ಅನುದಾನ ಬೇಡ, ಟೆಂಡರ್ ಬೇಡ. ಮಾಸ್ತರು ಊರಲ್ಲಿ ಉಳಿಯುವುದಾದರೆ ಖೋಲಿಯ ಬಾಡಿಗೆ ಎಸ್‌ಡಿಎಂಸಿಯವರು ಕೂಡಿ ಕೊಡುತ್ತೇವೆ, ಜೋಳ ನಮ್ಮ ಗಿರಣಿಯಲ್ಲಿ ಪುಕ್ಕಟೆ ಬೀಸಿಕೊಡುತ್ತೇನೆ. ಡಿಸೆಂಬರ್ ಒಳಗೆ ಕಳಿಸಿ.

ಇಂತಿ ತಮ್ಮ ಕ್ಷೇತ್ರದ ಮತದಾರ,
ಹತ್ತನೆಯ ತರಗತಿ ಹುಡುಗಿಯೊಬ್ಬಳ ತಂದೆ

ಮರೆತ ಮಾತು: ಈ ಪತ್ರಕ್ಕೂ ಸೀಲು ಹೊಡೆಯಬೇಕಿದ್ದರೆ ಪ್ರತಿ ತಂದುಕೊಡುತ್ತೇನೆ. ಮಂಗಳವಾರ ಗಿರಣಿಗೆ ರಜೆ.