ಸ್ಟ್ಯಾಟಿಕ್ ಐಪಿಗೆ ರೊಕ್ಕ ತಗೊಂಡೀರಿ, ಐಪಿ ಯಾವ ಹೆಸರಿಂದು ಅಂತ ತೋರಸೋ ಪಿಟಿಆರ್ ರೆಕಾರ್ಡ್ ಹಾಕಿಕೊಡ್ರಿ

ಗ್ರಾಹಕರ ದೂರು ವಿಭಾಗದವರಿಗೆ,

ನಮಸ್ಕಾರ್ರಿ. ನಾ ಹುಬ್ಬಳ್ಳಿ ವಿದ್ಯಾನಗರದಾಗ ನಿಮ್ಮ ಫೈಬರ್ ಲೈನ್ ಹಾಕಿಸ್ಕೊಂಡೀನಿ. ಮನ್ಯಾಗ ಒಂದು ಹಳೇ ಕಂಪ್ಯೂಟರಿಗೆ ಪೋಸ್ಟ್‌ಫಿಕ್ಸ್ ಅನ್ನೋ ಮೇಲ್ ಸಾಫ್ಟ್‌ವೇರ್ ಹಾಕಿ ನನ್ನ ಡೊಮೇನಿನ ಮೇಲ್ ಸರ್ವರ್ ನಡಸ್ತೀನಿ. ದುರ್ಗದಬೈಲ್ ಕಡೆ ಅಂಗಡಿಯವರ ಲೆಕ್ಕಪತ್ರ ನೋಡೋದು ನನ್ನ ಕೆಲಸ, ನನ್ನ ಕಡೆ ಇರೋ ಅವರ ಕಾಗದಪತ್ರ ನನ್ನ ಮನ್ಯಾಗನ ಇರಬೇಕು ಅನ್ನೋದು ನನ್ನ ಹಟ, ಅದಕ್ಕಂತನ ತಿಂಗಳಾ ಹೆಚ್ಚಿನ ರೊಕ್ಕ ಕೊಟ್ಟು ನಿಮ್ಮ ಕಡೆ ಸ್ಟ್ಯಾಟಿಕ್ ಐಪಿ, ಅಂದ್ರ ಬದಲಾಗದ ಇಂಟರ್ನೆಟ್ ವಿಳಾಸ, ತಗೊಂಡೀನಿ.

ಮೊದಲ ನನ್ನ ಸರ್ವರಿಂದ ಮೇಲ್ ಹೊರಗ ಕಳಸೋ ದಾರಿ, 25ನೇ ಪೋರ್ಟ್, ಬಂದ್ ಇತ್ತು. ಮೇಲ್ ಒಳಗ ಬರ್ತಿದ್ವು, ಹೊರಗ ಒಂದೂ ಹೋಗ್ತಿರಲಿಲ್ಲ, ಕ್ಯೂದಾಗ ಕುಂತು 5 ದಿನಕ್ಕ ಟೈಮ್ ಔಟ್ ಅಂತ ವಾಪಸ್ ಬರ್ತಿದ್ವು. ಸ್ಪ್ಯಾಮ್ ತಡಿಲಿಕ್ಕೆ ಮನಿ ಲೈನಿಗೆ 25 ಮುಚ್ಚತಾರ, ಅದು ಗೊತ್ತೈತಿ, ತಕರಾರಿಲ್ಲ. 3 ಸಲ ದೂರು ಕೊಟ್ಟ ಮ್ಯಾಲ ತಗದ್ರಿ.

ಈಗಿನ ತ್ರಾಸ ಬ್ಯಾರೆ. ಜಿಮೇಲಿಗೆ ಕಳಿಸಿದ್ದೆಲ್ಲಾ 550 5.7.25 ಅಂತ ಹೊಳ್ಳಿ ಬರಾಕತ್ತಾವು, ಅಂದ್ರ ನನ್ನ ಐಪಿಗೆ ಪಿಟಿಆರ್ ಇಲ್ಲಂತ. ಡಿಎನ್ಎಸ್ (ಹೆಸರು-ಐಪಿ ಪಟ್ಟಿ) ಕೇಳೋ ಡಿಗ್ ಕಮಾಂಡ್ ಹೊಡದು ನೋಡಿದ್ರ ಎನ್ಎಕ್ಸ್‌ಡೊಮೇನ್, ಅಂದ್ರ ಅಂಥಾ ದಾಖಲೆ ಇಲ್ಲ, ಅಂತೈತಿ. ನನ್ನ ಕಡಿಂದ ಆಗೋದೆಲ್ಲಾ ಮಾಡೀನ್ರಿ: ಮೇಲ್ ಖರೇನ ನನ್ನ ಡೊಮೇನಿಂದು ಅಂತ ತೋರಸೋ ಮೂರೂ ದಾಖಲೆ ಅದಾವು, ಎಸ್‌ಪಿಎಫ್‌ನ್ಯಾಗ ಐಪಿ ಬರದೀನಿ, ಡಿಕಿಮ್‌ಗೆ 2048 ಬಿಟ್ ಕೀ ಐತಿ, ಡಿಮಾರ್ಕ್ ಐತಿ, ಸರ್ವರ್ ಹೆಲೋದಾಗ (ಮಾತು ಶುರು ಮಾಡುವಾಗ) ಹೇಳೋ ಹೆಸರು ನನ್ನ ಐಪಿಗೇನ ತೋರಸ್ತೈತಿ. 2024ರ ಫೆಬ್ರುವರಿಯಿಂದ ಜಿಮೇಲ್‌ನವರು ಕಳಸೋರೆಲ್ಲಾರಿಗೂ ಪಿಟಿಆರ್ ಕಡ್ಡಾಯ ಮಾಡ್ಯಾರ, ಇದೊಂದು ಇರಲಿಲ್ಲಂದ್ರ ಉಳಿದದ್ದೆಲ್ಲಾ ಇದ್ದೂ ಉಪಯೋಗಿಲ್ಲ.

ನಿಮ್ಮ ಕಾಲ್ ಸೆಂಟರಿನವರು ಡೊಮೇನ್ ಮಾರಿದವರನ್ನ ಕೇಳ್ರಿ ಅಂತಾರ. ಅದು ತಪ್ರಿ. ಹೆಸರಿಂದ ಐಪಿ ಹುಡಕೋದು ನನ್ನ ಕೈಯಾಗೈತಿ, ಐಪಿಯಿಂದ ಹೆಸರು ಹುಡಕೋದು ಇನ್-ಆಡ್ರ್ ಡಾಟ್ ಆರ್ಪಾ (in-addr.arpa) ಅನ್ನೋ ಬ್ಯಾರೆ ಝೋನಿನಾಗ ಇರ್ತೈತಿ, ಅಲ್ಲಿ ಐಪಿ ಅಂಕಿ ಹಿಂದ ಮುಂದ ತಿರುವಿ ಬರೀತಾರ, ಮತ್ತ ಆ ಐಪಿ ಬ್ಲಾಕ್ ಯಾರ ಹೆಸರಿಲೆ ಐತೋ ಅವರ ಬರೀಬೇಕು. ಬ್ಲಾಕ್ ನಿಮ್ದು. ಇಷ್ಟು ಹೇಳಿದ್ರೂ ರೌಟರ್ ಆಫ್ ಮಾಡಿ ಆನ್ ಮಾಡ್ರಿ ಅಂದ್ರು, ಆಮ್ಯಾಲ ಒಬ್ಬ ಹುಡುಗನ್ನ ಕಳಿಸಿದ್ರು, ಪಾಪ ಬಿಸಿಲಾಗ ಬಂದು ಕೇಬಲ್ ಬದಲಿ ಮಾಡಿ ಸಿಗ್ನಲ್ ಚಲೋ ಐತಿ ಅಂದು ಹೋದ, ಅವಂದೇನ ತಪ್ಪಿಲ್ಲ. ಸಂಜಿಗೆ ನೋಡಿದ್ರ ನನ್ನ ದೂರು "ಬಗೆಹರಿದಿದೆ" ಅಂತ ಮುಚ್ಚಿದ್ರಿ. ಯಾರನ್ನ ಕೇಳಿ ಮುಚ್ಚಿದ್ರಿ?

ಹೋದ ತಿಂಗಳ 20ಕ್ಕ ಜಿಎಸ್‌ಟಿ 3ಬಿ ರಿಟರ್ನ್ ತುಂಬೋ ಕಡೀ ದಿನ. ಹಿಂದಿನ ದಿನ ಅರಿವಿ ಅಂಗಡಿಯವರೊಬ್ಬರಿಗೆ ಲೆಕ್ಕ ಕಳಿಸಿದ್ದೆ, ಅವರು ನೋಡಿ ಹೂಂ ಅಂದ್ರನ ತುಂಬೋದು. ಮೇಲ್ ವಾಪಸ್ ಬಂದದ್ದು ನಾ ರಾತ್ರಿ ನೋಡಿದ್ದು. ಬೆಳಿಗ್ಗೆ ಪ್ರಿಂಟ್ ತಗೊಂಡು ಗಾಡಿ ಮ್ಯಾಲ ಓಡಿ ಹೋಗಿ ಕೊಟ್ಟು ಬಂದೆ. 12 ವರ್ಷದ ಗಿರಾಕಿ ಅವರು, ನನ್ನ ಮುಖ ನೋಡಿ ಸುಮ್ಮನಾದ್ರು, ನನಗ ಭಾಳ ಕೆಟ್ಟ ಅನಿಸ್ತು.

ಡಿಎನ್ಎಸ್ ನೋಡೋ ಎಂಜಿನಿಯರ್ ಕಡೆ ಈ ಪತ್ರ ಕಳಿಸಿ ನನ್ನ ಐಪಿಗೆ ಪಿಟಿಆರ್ ಹಾಕಸ್ರಿ, ಹೆಸರು ಅರ್ಜಿಯೊಳಗ ಬರದೀನಿ. ನೇರ ಮೇಲ್ ಕಳಸಬಾರದ ಐಪಿಗಳ ಪಟ್ಟಿ, ಸ್ಪ್ಯಾಮ್‌ಹೌಸ್‌ನ ಪಿಬಿಎಲ್‌ನೊಳಗೂ ಈ ಐಪಿ ಮನಿ ಲೈನ್ ಅಂತ ಕುಂತೈತಿ, ಸ್ಟ್ಯಾಟಿಕ್ ಅಂತ ಮಾರಿದ ಮ್ಯಾಲ ಅದನ್ನೂ ತಗಸ್ರಿ. ಆಗಂಗಿಲ್ಲ ಅಂದ್ರ 7 ದಿನದಾಗ ಲಿಖಿತ ಕೊಡ್ರಿ, ಇಷ್ಟು ದಿನದ ಸ್ಟ್ಯಾಟಿಕ್ ಐಪಿ ಚಾರ್ಜ್ ಹೊಳ್ಳಿ ಕೊಡ್ರಿ, ನಾ 587ನೇ ಪೋರ್ಟಿನ ಮ್ಯಾಲ ಬ್ಯಾರೆ ರಿಲೇ (ನನ್ನ ಮೇಲ್ ಮುಂದ ಕಳಸೋ ಸರ್ವರ್) ನೋಡ್ಕೋತೀನಿ. ವಾಪಸ್ ಬಂದ ಮೇಲ್‌ಗಳ ಲಾಗ್ ಇದರ ಜೋಡಿ ಇಟ್ಟೀನಿ. ಸಂಜಿ 6ರ ಮ್ಯಾಲ ಮನ್ಯಾಗ ಇರ್ತೀನಿ, ಫೋನ್ ಮಾಡ್ರಿ.

ಇಂತಿ,
ನಿಮ್ಮ ಗ್ರಾಹಕ, ವಿದ್ಯಾನಗರ, ಹುಬ್ಬಳ್ಳಿ