ಆ ಚಾರ್ಟ್ ಕಳಿಸಿದ್ದೀಯಲ್ಲ, ಅದರ ಬಗ್ಗೆ

ಚಿ. ಸುಹಾಸನಿಗೆ, ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್‌ನಿಂದ ನಿನ್ನ ಚಿಕ್ಕಮ್ಮನ ಆಶೀರ್ವಾದ.

ಇಲ್ಲಿ ನಾವೆಲ್ಲ ಕ್ಷೇಮ. ಮೊನ್ನೆ ಮನೆಯವರ ವಾಟ್ಸಾಪ್ ಗುಂಪಿಗೆ ನೀನು ಹಾಕಿದ ಚಾರ್ಟ್ ನೋಡಿದೆ. ಒಂದು ಕಡೆ ಬ್ರಿಟನ್ನಿನ ಭಾರತೀಯರು, ಇನ್ನೊಂದು ಕಡೆ ಪಾಕಿಸ್ತಾನಿಗಳು. ಸಂಬಳ, ಓದು, ಮನೆ ಆದಾಯ, ಎಲ್ಲದರಲ್ಲೂ ನಮ್ಮವರ ಕಂಬವೇ ಉದ್ದ. ಕೆಳಗೆ ನಿನ್ನ ಒಂದು ಸಾಲು: 'ಒಂದೇ ಮಣ್ಣಿನವರು, ಒಂದೇ ಕಾಲಕ್ಕೆ ಬಂದವರು. ವ್ಯತ್ಯಾಸ ಎಲ್ಲಿದೆ ನೀವೇ ತಿಳ್ಕೊಳ್ಳಿ.' ನಿನ್ನ ಸೋದರಮಾವ ಅದಕ್ಕೆ ಚಪ್ಪಾಳೆ ತಟ್ಟಿದರು. ಗುಂಪಿನಲ್ಲಿ ಜಗಳ ಯಾಕೆ ಅಂತ ನಾನು ಸುಮ್ಮನಿದ್ದೆ. ಫೋನಿನಲ್ಲಿ ಮುಗಿಯುವ ವಿಷಯವೂ ಅಲ್ಲ. ನಿವೃತ್ತಿಯಾದ ಡಾಕ್ಟರಿಗೆ ಸಮಯಕ್ಕೇನು ಬರ, ಕೂತು ಬರೆಯುತ್ತಿದ್ದೇನೆ.

ಅಂಕಿ ಸುಳ್ಳು ಅಂತ ಹೇಳೋದಿಲ್ಲ. ಇಲ್ಲಿನ ಸರಕಾರಿ ಅಂಕಿಅಂಶ ಕಚೇರಿಯ 2018ರ ಲೆಕ್ಕ ಹೀಗಿದೆ. ನೌಕರರನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ಸರಿ ನಡುವೆ ನಿಲ್ಲುವ ಭಾರತೀಯ ಮೂಲದವರಿಗೆ ಗಂಟೆಗೆ 13.47 ಪೌಂಡ್. ಪಾಕಿಸ್ತಾನಿ ಮೂಲದವರಿಗೆ 10 ಪೌಂಡ್. ಬಿಳಿಯ ಬ್ರಿಟಿಷರು ಇವರಿಬ್ಬರ ನಡುವೆ, 12.03. ಸ್ವಂತ ಟ್ಯಾಕ್ಸಿ ಓಡಿಸುವವರು, ಅಂಗಡಿ ಇಟ್ಟವರು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಅಂತರ ನಿಜ, ಒಪ್ಪಿದೆ. ನನ್ನ ತಕರಾರು ಇರೋದು ನಿನ್ನ ಆ ಸಾಲಿನ ಮೇಲೆ. ಮಣ್ಣೂ ಒಂದಲ್ಲ, ಬಂದ ರೀತಿಯೂ ಒಂದಲ್ಲ.

ನೀನು ಬಾಗಲಕೋಟೆಯ ಹುಡುಗ. ಆಲಮಟ್ಟಿ ಹಿನ್ನೀರಿನಲ್ಲಿ ನಮ್ಮ ಹಳೇ ಪೇಟೆಯ ಮನೆ ಹೋದಾಗ ನೀನು ಚಿಕ್ಕವನು. ಆದರೆ ನವನಗರದಲ್ಲಿ ಬೆಳೆದವನಿಗೆ ಮುಳುಗಡೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾ? ಹಾಗಾದರೆ ಮೀರ್‌ಪುರದ ಕತೆ ಕೇಳು. ಬ್ರಿಟನ್ನಿನ ಪಾಕಿಸ್ತಾನಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಬೇರು ಇರೋದು ಲಾಹೋರಿನಲ್ಲೂ ಅಲ್ಲ, ಕರಾಚಿಯಲ್ಲೂ ಅಲ್ಲ. ಪಾಕಿಸ್ತಾನದ ಕೈಲಿರುವ ಕಾಶ್ಮೀರದ ಮೀರ್‌ಪುರ ಮತ್ತು ಅದರ ಸುತ್ತಮುತ್ತ. ಮಳೆ ನಂಬಿದ ಸಣ್ಣ ಸಣ್ಣ ಹೊಲಗಳು. ಅಲ್ಲಿನ ಗಂಡಸರು ಬ್ರಿಟಿಷರ ಉಗಿಹಡಗುಗಳಲ್ಲಿ ಬಾಯ್ಲರ್‌ಗೆ ಕಲ್ಲಿದ್ದಲು ತುಂಬುವ ಕೆಲಸಕ್ಕೆ ಹಿಂದಿನಿಂದಲೂ ಹೋಗುತ್ತಿದ್ದರು. ಹಾಗಾಗಿ ಇಂಗ್ಲೆಂಡಿನ ದಾರಿ ಗೊತ್ತಿತ್ತು.

1960ರಲ್ಲಿ ಸಿಂಧೂ ನದಿ ಒಪ್ಪಂದ ಆಯಿತು. ಅದರ ಬೆನ್ನಿಗೇ ಝೀಲಂ ನದಿಗೆ ಮಂಗ್ಲಾ ಅಣೆಕಟ್ಟು ಕಟ್ಟಿದರು, 1967ಕ್ಕೆ ಮುಗಿಯಿತು. ಹಳೇ ಮೀರ್‌ಪುರ ಊರು, ಸುಮಾರು 280 ಹಳ್ಳಿಗಳು ನೀರಿಗೆ ಹೋದವು. ಒಂದು ಲಕ್ಷಕ್ಕೂ ಮೇಲೆ ಜನ ಎತ್ತಂಗಡಿ. ಪರಿಹಾರದ ದುಡ್ಡು ಎಷ್ಟೋ ಮನೆಗಳಲ್ಲಿ ಒಬ್ಬ ಮಗನ ಟಿಕೆಟ್ಟಾಯಿತು. ಇತ್ತ ಬ್ರ್ಯಾಡ್‌ಫರ್ಡ್‌ನ ಉಣ್ಣೆ ಗಿರಣಿಗಳಿಗೆ, ಓಲ್ಡಮ್, ಬ್ಲ್ಯಾಕ್‌ಬರ್ನ್ ಕಡೆಯ ಹತ್ತಿ ಗಿರಣಿಗಳಿಗೆ ರಾತ್ರಿ ಪಾಳಿಗೆ ಆಳು ಸಿಗುತ್ತಿರಲಿಲ್ಲ. 1962ರ ವಲಸೆ ಕಾನೂನು ಬಾಗಿಲು ಬಿಗಿ ಮಾಡುತ್ತೆ ಅಂತ ಗೊತ್ತಾಗಿ ಅದಕ್ಕೂ ಮುಂಚೆಯೇ ಬಂದವರು ಬಹಳ. (ಮಂಗ್ಲಾದ ಎತ್ತರವನ್ನು ಆಮೇಲೆ ಇನ್ನೂ 30 ಅಡಿ ಏರಿಸಿದರು. ಆಲಮಟ್ಟಿಯನ್ನು 524 ಮೀಟರಿಗೆ ಏರಿಸುವ ಮಾತು ಕೇಳಿದಾಗಲೆಲ್ಲ ನನಗೆ ಅದೇ ನೆನಪು.)

ನನ್ನ ಕ್ಲಿನಿಕ್ಕಿಗೆ ಮೀರ್‌ಪುರದ ಒಬ್ಬ ಹಿರಿಯರು ಬರುತ್ತಿದ್ದರು. ಉಣ್ಣೆ ಬಾಚುವ ಗಿರಣಿಯಲ್ಲಿ ರಾತ್ರಿ ಪಾಳಿ ಮಾಡಿ ಕಿವಿ ಹೋಗಿತ್ತು. ನನ್ನ ಮುಖ ನೋಡದೆ, ತುಟಿ ನೋಡಿ ಮಾತಾಡುತ್ತಿದ್ದರು. ಅವರದು ಆ ಕಡೆಯ ಪಹಾಡಿ ಭಾಷೆ, ನನ್ನದು ಬಾಗಲಕೋಟೆಯ ಹಿಂದಿ, ಹೇಗೋ ನಡೆಯುತ್ತಿತ್ತು. ಇಷ್ಟು ವರ್ಷ ಇದ್ದು ಇಂಗ್ಲಿಷ್ ಯಾಕೆ ಕಲಿಯಲಿಲ್ಲ ಅಂತ ಒಮ್ಮೆ ಕೇಳಿದೆ. ನಕ್ಕರು. 'ಡಾಕ್ಟರ್ ಸಾಹೇಬಾ, ರಾತ್ರಿ ಪಾಳಿಯಲ್ಲಿ ಇಂಗ್ಲಿಷ್ ಆಡುವವರು ಯಾರಿದ್ದರು? ಎಡಕ್ಕೆ ನಮ್ಮ ಹಳ್ಳಿ, ಬಲಕ್ಕೆ ಪಕ್ಕದ ಹಳ್ಳಿ.' ಆ ಗದ್ದಲದಲ್ಲಿ ಯಾವ ಭಾಷೆಯೂ ಕೇಳುತ್ತಿರಲಿಲ್ಲ ಬಿಡು, ಕೈಸನ್ನೆಯೇ ಎಲ್ಲ. ಬೆಳಗ್ಗೆ ಮನೆಗೆ ಬಂದು ನಿದ್ದೆ. ಊರಿನ ಜೊತೆ ಸಂಬಂಧವೇ ಬೀಳಲಿಲ್ಲ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಗಿರಣಿಗಳು ಒಂದಾದ ಮೇಲೊಂದು ಮುಚ್ಚಿದವು. ಆಗ ಅವರಿಗೆ ಐವತ್ತು ಹತ್ತಿರ. ಗೊತ್ತಿದ್ದದ್ದು ಒಂದೇ ಮಷೀನು, ಆ ಮಷೀನೇ ಊರಲ್ಲಿಲ್ಲ. ದೊಡ್ಡ ಮಗ ಶಾಲೆ ಬಿಟ್ಟು ಟ್ಯಾಕ್ಸಿ ಹಿಡಿದ. ಇದು ಒಂದು ಮನೆಯ ಕತೆ ಅಲ್ಲ, ಈ ಊರಿನ ಅರ್ಧ ಬೀದಿಗಳ ಕತೆ.

ಈಗ ನೀನಿರುವ ಲೆಸ್ಟರ್‌ಗೆ ಬರೋಣ. ಶನಿವಾರ ಬೆಲ್‌ಗ್ರೇವ್ ರಸ್ತೆಗೆ ಫಾಫ್ಡಾ ತಿನ್ನಲು ಹೋಗುತ್ತೀಯಲ್ಲ, ಆ ಬೀದಿ ಕಟ್ಟಿದವರು ಹೆಚ್ಚಾಗಿ ಗುಜರಾತಿನಿಂದ ನೇರವಾಗಿ ಬಂದವರಲ್ಲ. ಕೀನ್ಯಾ, ಉಗಾಂಡಾ, ತಾಂಜಾನಿಯಾ ಸುತ್ತಿ ಬಂದವರು. 1972ರ ಆಗಸ್ಟಿನಲ್ಲಿ ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ 90 ದಿನದ ಗಡುವು ಕೊಟ್ಟು ಏಷ್ಯಾ ಮೂಲದವರನ್ನು ಓಡಿಸಿದ. ಸುಮಾರು 28 ಸಾವಿರ ಜನ ಬ್ರಿಟನ್ನಿಗೆ ಬಂದರು. ಲೆಸ್ಟರ್ ನಗರಸಭೆ ಉಗಾಂಡಾದ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತ್ತು, ನಮ್ಮೂರಿಗೆ ಬರಬೇಡಿ ಅಂತ. ಅವರು ಬಂದರು. ಈಗ ಅದೇ ನಗರಸಭೆ ದೀಪಾವಳಿ ದೀಪ ಹಚ್ಚುತ್ತದೆ.

ಅವರು ಪಟ್ಟ ಕಷ್ಟ ಸಣ್ಣದಲ್ಲ. ಅಂಗಡಿ, ಮನೆ, ಗಿರಣಿ ಎಲ್ಲ ಬಿಟ್ಟು ಬಂದರು. ಆದರೆ ಬರುವಾಗ ಅವರಿಗೆ ಲೆಕ್ಕ ಬರೆಯೋದು ಗೊತ್ತಿತ್ತು, ಬ್ಯಾಂಕಿನವನ ಜೊತೆ ಮಾತಾಡೋದು ಗೊತ್ತಿತ್ತು. ಮಕ್ಕಳು ಆಫ್ರಿಕಾದಲ್ಲೇ ಇಂಗ್ಲಿಷಿನಲ್ಲಿ ಓದಿದ್ದರು. ಗಂಡ ಹೆಂಡತಿ ಮಕ್ಕಳು ಒಟ್ಟಿಗೇ ಬಂದರು, ವಾಪಸ್ ಹೋಗುವ ಊರೂ ಇರಲಿಲ್ಲ. ಮೀರ್‌ಪುರದ ಗಂಡಸು ಒಬ್ಬನೇ ಬಂದು, ಇವತ್ತಲ್ಲ ನಾಳೆ ವಾಪಸ್ ಹೋಗುತ್ತೇನೆ ಅಂತ ದುಡ್ಡೆಲ್ಲ ಊರಿಗೆ ಕಳಿಸಿದ. ಗುಜರಾತಿ ಕುಟುಂಬ ಮೊದಲ ದಿನದಿಂದ ಇಲ್ಲಿಯೇ ಬೇರು ಬಿಡಬೇಕಿತ್ತು. ಹೆಂಗಸರೂ ಕಾರ್ಖಾನೆಗೆ ಹೋದರು. ಲಂಡನ್ನಿನ ಗ್ರನ್‌ವಿಕ್ ಫೋಟೋ ತೊಳೆಯುವ ಕಾರ್ಖಾನೆಯಲ್ಲಿ 1976ರಿಂದ ಎರಡು ವರ್ಷ ಮುಷ್ಕರ ನಡೆಸಿದ ಜಯಾಬೆನ್ ದೇಸಾಯಿ ತಾಂಜಾನಿಯಾದಿಂದ ಬಂದವರೇ. ಇನ್ನೊಂದು, ಲೆಸ್ಟರ್‌ನಲ್ಲಿ ಹೊಸೈರಿ, ಬೂಟು, ಟೈಪ್‌ರೈಟರ್ ಅಂತ ಹತ್ತು ತರದ ಕೆಲಸ ಇತ್ತು. ಬ್ರ್ಯಾಡ್‌ಫರ್ಡ್ ಉಣ್ಣೆಯ ಮೇಲೇ ನಿಂತ ಊರು, ಉಣ್ಣೆಯ ಜೊತೆಗೇ ಬಿತ್ತು.

ರಿಷಿ ಸುನಕ್ ಪ್ರಧಾನಿ ಆದಾಗ ಹುಬ್ಬಳ್ಳಿಯ ಅಳಿಯ ಅಂತ ಗುಂಪಿನಲ್ಲಿ ಎಲ್ಲ ಕುಣಿದಿರಲ್ಲ, ಅವರ ತಂದೆ ಹುಟ್ಟಿದ್ದು ಕೀನ್ಯಾದಲ್ಲಿ, ಡಾಕ್ಟರ್. ತಾಯಿ ಹುಟ್ಟಿದ್ದು ಈಗಿನ ತಾಂಜಾನಿಯಾದಲ್ಲಿ, ಔಷಧಿ ಅಂಗಡಿ ನಡೆಸಿದವರು. ಹಣಕಾಸು ಮಂತ್ರಿಯಾಗಿದ್ದ ಪಾಕಿಸ್ತಾನಿ ಮೂಲದ ಸಾಜಿದ್ ಜಾವಿದ್ ತಂದೆ ರೋಚ್‌ಡೇಲ್‌ನ ಹತ್ತಿ ಗಿರಣಿಯಲ್ಲಿ ದುಡಿದು ಆಮೇಲೆ ಬಸ್ ಓಡಿಸಿದವರು. ಇಬ್ಬರೂ ದೊಡ್ಡ ಕುರ್ಚಿ ಮುಟ್ಟಿದರು. ಆದರೆ ಹತ್ತಿದ ಮೆಟ್ಟಿಲು ಎಣಿಸಿದರೆ ಯಾರದು ಜಾಸ್ತಿ, ನೀನೇ ಹೇಳು.

ರಕ್ತದಲ್ಲಿದೆ, ಸಂಸ್ಕಾರದಲ್ಲಿದೆ ಅಂತ ನಿನ್ನ ಮಾವ ಹೇಳುತ್ತಾರೆ. ಹಾಗಾದರೆ ಮಲೇಷ್ಯಾಕ್ಕೆ ಹೋಗಿ ನೋಡಲಿ. ಬ್ರಿಟಿಷರು ರಬ್ಬರ್ ತೋಟಕ್ಕೆ ಒಯ್ದ ತಮಿಳರ ಮೊಮ್ಮಕ್ಕಳು ಅಲ್ಲಿದ್ದಾರೆ. ತೋಟದ ಲೈನ್ ಮನೆ, ತೋಟದ ಪ್ರೈಮರಿ ಶಾಲೆ, ಅಷ್ಟೇ ಪ್ರಪಂಚ. ತೋಟಗಳನ್ನು ಮಾರಿದಾಗ ಕೆಲಸ, ಮನೆ ಎರಡೂ ಒಟ್ಟಿಗೇ ಹೋದವು. 2007ರಲ್ಲಿ ಕೌಲಾಲಂಪುರದ ಬೀದಿಗೆ ಸಾವಿರಗಟ್ಟಲೆ ಜನ ಇಳಿದದ್ದು ಸುಮ್ನೆ ಅಲ್ಲ. ಇನ್ನು ಅಮೆರಿಕ ನೋಡು. 1965ರ ವಲಸೆ ಕಾನೂನಿನ ಮೇಲೆ ಅಲ್ಲಿಗೆ ಹೋದ ಪಾಕಿಸ್ತಾನಿಗಳಲ್ಲಿ ಡಾಕ್ಟರುಗಳು, ಇಂಜಿನಿಯರುಗಳು ಬಹಳ. ಅವರ ಸಾಲಿನಲ್ಲಿ ಸರಿ ನಡುವೆ ನಿಲ್ಲುವ ಕುಟುಂಬದ ಆದಾಯ, ಇಡೀ ಅಮೆರಿಕದ ಸಾಲಿನಲ್ಲಿ ಸರಿ ನಡುವೆ ನಿಲ್ಲುವ ಕುಟುಂಬದ ಆದಾಯಕ್ಕಿಂತ ಮೇಲಿದೆ. ರಕ್ತ ಅದೇ, ಜರಡಿ ಬೇರೆ.

ಆ ಜರಡಿಯಲ್ಲೇ ನೀನೂ ಸೋಸಿ ಬಂದವನು, ಕೋಪ ಮಾಡಿಕೊಳ್ಳಬೇಡ. ಕಂಪನಿ ವೀಸಾ ಕೊಡುವ ಮುಂಚೆ ಡಿಗ್ರಿ ನೋಡಿತು, ಸರಕಾರ ಸಂಬಳ ನೋಡಿತು. ನಾನೂ ಹಾಗೇ, ಎಂಬಿಬಿಎಸ್ ಇಲ್ಲದಿದ್ದರೆ ನನ್ನನ್ನು ಯಾರು ಕರೆಯುತ್ತಿದ್ದರು? ನಮ್ಮ ಓದಿನ ಖರ್ಚು ಹೆಚ್ಚಿನದು ಕರ್ನಾಟಕದ ಬೊಕ್ಕಸದ್ದು. ನಮ್ಮ ಸಂಬಳ ಸೇರಿಕೊಂಡದ್ದು ಬ್ರಿಟನ್ ಭಾರತೀಯರ ಆ ಉದ್ದ ಕಂಬಕ್ಕೆ. ನವನಗರದಲ್ಲಿ ನಿನ್ನ ಜೊತೆ ಎಸ್ಸೆಸ್ಸೆಲ್ಸಿ ಓದಿದವರೆಲ್ಲ ಲೆಸ್ಟರ್‌ಗೆ ಬಂದಿದ್ದಾರಾ? ಹೊಲ ಮುಳುಗಿದ ಎಷ್ಟು ಮನೆಯವರು ರಾತ್ರಿ ಬಸ್ಸು ಹತ್ತಿ ಮಂಗಳೂರಿಗೆ, ಗೋವಾಕ್ಕೆ ಸೆಂಟ್ರಿಂಗ್ ಕೆಲಸಕ್ಕೆ ಹೋದರು, ನೀನೇ ನೋಡಿದ್ದೀಯ. ಅಲ್ಲಿ ನಮ್ಮ ಕಡೆಯ ಕೂಲಿಗಳ ಬಗ್ಗೆ ಏನೇನು ಮಾತಾಡುತ್ತಾರೆ ಅನ್ನೋದೂ ನಿನಗೆ ಗೊತ್ತು. ಆ ಇಡೀ ಊರನ್ನೇ ಎತ್ತಿ ಬ್ರ್ಯಾಡ್‌ಫರ್ಡ್‌ನಲ್ಲಿ ಇಳಿಸಿದ್ದರೆ ನಿನ್ನ ಚಾರ್ಟಿನಲ್ಲಿ ಕಂಬ ಎಷ್ಟು ಉದ್ದ ಇರುತ್ತಿತ್ತು?

ಎಲ್ಲ ಅಣೆಕಟ್ಟಿನ ಮೇಲೆ, ಗಿರಣಿಯ ಮೇಲೆ ಹಾಕಿ ಕೈ ತೊಳೆದುಕೊಳ್ಳುವವಳಲ್ಲ ನಾನು. ಡಾಕ್ಟರಾಗಿ ಕಂಡದ್ದನ್ನೂ ಹೇಳುತ್ತೇನೆ. ಇಲ್ಲಿ ಹುಟ್ಟಿದ ಹುಡುಗನಿಗೆ ಮೀರ್‌ಪುರದಿಂದ ಸೋದರ ಸಂಬಂಧದ ಹುಡುಗಿ ತರೋದು, ಇಲ್ಲಿನ ಹುಡುಗಿಗೆ ಅಲ್ಲಿನ ಗಂಡು ತರೋದು. ಇದರಿಂದ ಪ್ರತಿ ತಲೆಮಾರಿನಲ್ಲೂ ಮನೆಯಲ್ಲೊಬ್ಬರು ಮತ್ತೆ ಒಂದರಿಂದ ಶುರು ಮಾಡುತ್ತಿದ್ದರು. ಮಗು ಶಾಲೆಗೆ ಹೋಗಿಯೇ ಇಂಗ್ಲಿಷ್ ಕೇಳಬೇಕು. ಮಕ್ಕಳಿಗೆ ಬರುವ ಕೆಲವು ವಂಶವಾಹಿ ಕಾಯಿಲೆಗಳೂ ಜಾಸ್ತಿ. ಹೆಂಗಸರು ಕೆಲಸಕ್ಕೆ ಹೋಗೋದು ಕಡಿಮೆ, ಹಾಗಾಗಿ ಒಂದೇ ಸಂಬಳ, ತಿನ್ನುವ ಬಾಯಿ ಏಳೆಂಟು. ಇದನ್ನೆಲ್ಲ ಅವರ ಹಿರಿಯರ ಎದುರಿಗೇ ಹೇಳಿದ್ದೇನೆ, ಬೈಸಿಕೊಂಡಿದ್ದೇನೆ. (ಅಕ್ಕನ ಮಗಳನ್ನೇ ತಂದುಕೊಳ್ಳುವ ನಾಡಿನವರು ಈ ವಿಷಯದಲ್ಲಿ ಮೂಗು ಮುರಿಯಬಾರದು ಅನ್ನೋದು ಬೇರೆ ಮಾತು.) ಇಲ್ಲಿನ ಆಸ್ಪತ್ರೆಯವರು 2007ರಿಂದ ಹದಿಮೂರು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದಲೇ ಹಿಂಬಾಲಿಸಿ ಅಧ್ಯಯನ ಮಾಡುತ್ತಿದ್ದಾರೆ. ಆಮೇಲೆ ಇನ್ನೊಂದು ಗುಂಪನ್ನೂ ನೋಡಿದರು. ಮೊದಲ ಗುಂಪಿಗೆ ಹೋಲಿಸಿದರೆ ಪಾಕಿಸ್ತಾನಿ ಮೂಲದವರಲ್ಲಿ ಸೋದರ ಸಂಬಂಧದ ಮದುವೆ ಚೆನ್ನಾಗಿಯೇ ಇಳಿದಿದೆ. ಮೊಮ್ಮಗಳು ಯೂನಿವರ್ಸಿಟಿಗೆ ಹೋದ ಮೇಲೆ ಅಜ್ಜನ ಮಾತು ನಡೆಯೋದು ಅಷ್ಟಕ್ಕಷ್ಟೇ.

ನಮ್ಮವರೂ ಎಲ್ಲ ಕಡೆ ಮೇಲಿಲ್ಲ. 2020ರಲ್ಲಿ ನಿನ್ನ ಲೆಸ್ಟರ್‌ನ ಹೊಲಿಗೆ ಕಾರ್ಖಾನೆಗಳಲ್ಲಿ ಕಾನೂನಿನ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುತ್ತಿದ್ದದ್ದು ಪೇಪರಿನಲ್ಲೆಲ್ಲ ಬಂತು. ದಮನ್, ದಿಯು ಕಡೆಯಿಂದ ಪೋರ್ಚುಗೀಸ್ ಪಾಸ್‌ಪೋರ್ಟಿನ ಮೇಲೆ ಬಂದವರು ಆ ಊರಲ್ಲಿ ಬಹಳ ಜನ ಇದ್ದಾರೆ. ನಿನ್ನ ಆಫೀಸಿನಿಂದ ಅವರು ಕಾಣುವುದಿಲ್ಲ, ಅಷ್ಟೇ.

ಇನ್ನೊಂದು ಸಂಗತಿ ನಿನಗೆ ಹಿಡಿಸುತ್ತೆ, ಲೆಕ್ಕದ ಹುಡುಗ ನೀನು. ಬಾಂಗ್ಲಾದ ಸಿಲ್ಹೆಟ್‌ನಿಂದ ಬಂದವರು ಮೀರ್‌ಪುರದವರಷ್ಟೇ ಬಡವರು. ಆದರೆ ಅವರು ಬಿದ್ದದ್ದು ಪೂರ್ವ ಲಂಡನ್ನಿನಲ್ಲಿ. ತೊಂಬತ್ತರ ದಶಕದಲ್ಲಿ ಅಲ್ಲಿನ ಟವರ್ ಹ್ಯಾಮ್ಲೆಟ್ಸ್ ಶಾಲೆಗಳು ಇಂಗ್ಲೆಂಡಿನಲ್ಲೇ ತೀರಾ ತಳದಲ್ಲಿದ್ದವು. ದುಡ್ಡು ಬಂತು, ಒಳ್ಳೆಯ ಮೇಷ್ಟ್ರು ಬಂದರು, ಹಟ ಹಿಡಿದು ಕಲಿಸಿದರು. ಇವತ್ತು ಬಾಂಗ್ಲಾ ಮೂಲದ ಮಕ್ಕಳು ಹದಿನಾರರ ಪರೀಕ್ಷೆಯಲ್ಲಿ ಬಿಳಿಯ ಬ್ರಿಟಿಷ್ ಮಕ್ಕಳ ಸರಾಸರಿಗಿಂತ ಮುಂದೆ. ಆದರೂ 2018ರ ಆ ಸಂಬಳದ ಲೆಕ್ಕದಲ್ಲಿ ಅವರೇ ಕಟ್ಟಕಡೆ, ಗಂಟೆಗೆ 9.60. ಮಾರ್ಕ್ಸ್ ಬಂದ ತಕ್ಷಣ ಸಂಬಳ ಬರುವುದಿಲ್ಲ. 2019ರಲ್ಲಿ ಆಕ್ಸ್‌ಫರ್ಡ್‌ನ ನಫೀಲ್ಡ್ ಕಾಲೇಜಿನವರು ಒಂದೇ ಓದು, ಒಂದೇ ಅನುಭವ ತೋರಿಸಿ, ಹೆಸರು ಮಾತ್ರ ಬದಲಾಯಿಸಿ ಕೆಲಸಕ್ಕೆ ಅರ್ಜಿ ಹಾಕಿಸಿದರು. ಪಾಕಿಸ್ತಾನಿ ಹೆಸರಿನವರು ಬಿಳಿಯ ಬ್ರಿಟಿಷ್ ಹೆಸರಿನವರಷ್ಟೇ ಕರೆ ಪಡೆಯಲು ಶೇ. 70ರಷ್ಟು ಜಾಸ್ತಿ ಅರ್ಜಿ ಹಾಕಬೇಕಾಯಿತು.

ಹಾಗಾಗಿ ನಿನಗೆ ನನ್ನ ಮಾತು ಇಷ್ಟು. ಆ ಚಾರ್ಟು ಅಳಿಸು ಅಂತ ಹೇಳೋದಿಲ್ಲ. ಮುಂದೆ ಅಂಥದ್ದು ಬಂದರೆ ಯಾವ ಊರು, ಯಾವ ಕೆಲಸಕ್ಕೆ ಕರೆದದ್ದು, ಆ ಕೆಲಸ ಯಾವಾಗ ಮುಚ್ಚಿತು ಅಂತ ಕೇಳಿಕೊಂಡು ಆಮೇಲೆ ಬೇರೆಯವರಿಗೆ ಕಳಿಸು. ಇನ್ನು ಇಂಟರ್‌ವ್ಯೂ ಮಾಡುವ ಕಡೆ ನಿನ್ನನ್ನು ಕೂರಿಸುತ್ತಿದ್ದಾರೆ ಅಂದೆಯಲ್ಲ, ಅಲ್ಲಿ ಜಾಸ್ತಿ ಹುಷಾರಾಗಿರು. ತಪ್ಪು ಮಾತು ಗುಂಪಿನಲ್ಲಿ ಹೋದರೆ ನಾಲ್ಕು ಜನ ನಗುತ್ತಾರೆ. ಅಲ್ಲಿ ಹೋದರೆ ಒಬ್ಬನ ಕೆಲಸ ಹೋಗುತ್ತೆ.

ಒಂದು ಕೆಲಸ ನಿನ್ನಿಂದ ಆಗಬೇಕು. ಪಕ್ಕದ ಬೀದಿಯ ಹುಡುಗ ಇಲ್ಲಿನ ಯೂನಿವರ್ಸಿಟಿಯಲ್ಲಿ ಕಂಪ್ಯೂಟರ್ ಓದುತ್ತಿದ್ದಾನೆ. ಅಪ್ಪ ಟ್ಯಾಕ್ಸಿ. ಓದಿನ ಮಧ್ಯೆ ಒಂದು ವರ್ಷ ಕಂಪನಿಯಲ್ಲಿ ಕೆಲಸ ಕಲಿಯುವ ಪ್ಲೇಸ್‌ಮೆಂಟ್‌ಗೆ ಹುಡುಕುತ್ತಿದ್ದಾನೆ, ಅವರ ಪೈಕಿ ಆಫೀಸಿನ ಒಳಗಿರುವವರು ಯಾರೂ ಇಲ್ಲ. ಒಂದು ಶನಿವಾರ ಬಾ, ಭಾನುವಾರದ ರೈಲು ನಂಬುವ ಹಾಗಿಲ್ಲ. ಅವನ ಸಿವಿ ನೋಡಿ ಕೊಡು, ನಿನ್ನ ಕಂಪನಿಯಲ್ಲಿ ಯಾರಿಗೆ ಬರೆಯಬೇಕು ಹೇಳು. ಸಿವಿಯಲ್ಲಿ ಬ್ರ್ಯಾಡ್‌ಫರ್ಡ್‌ನ ಪೋಸ್ಟ್‌ಕೋಡ್ (ನಮ್ಮ ಪಿನ್‌ಕೋಡ್ ಇದ್ದ ಹಾಗೆ) ಇದೆ, ಆ ವಿಳಾಸದ ಸಾಲು ತೆಗೆದುಹಾಕಲಾ ಆಂಟಿ ಅಂತ ನನ್ನನ್ನು ಕೇಳುತ್ತಿದ್ದ. ಅದಕ್ಕೆ ಏನು ಹೇಳಬೇಕು ಅಂತ ನೀನೇ ಬಂದು ಹೇಳು.

ಇಂತಿ,
ನಿನ್ನ ಚಿಕ್ಕಮ್ಮ